ಸಾವಿನ ಮನೆಗೆ ಒಂದು, ಮದುವೆ ಮನೆಗೆ ನಾಲ್ಕು

ಹೋದ ತಿಂಗಳು ನಮ್ಮ ಬೀದಿಯ ಶಾಮಿಯಾನದ ಅಕ್ಕ ಗಾಡಿ ಓಡಿಸುವುದನ್ನು ನಿಲ್ಲಿಸಿದರು. ಅರಸೀಕೆರೆಯಲ್ಲಿ ಇದು ಸಣ್ಣ ಸುದ್ದಿಯಲ್ಲ. ಸೀರೆಯ ಮೇಲೆ ತೀರಿಹೋದ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ದಿಂಬಿನ ಮೇಲೆ ಕೂತು ಪಿಕಪ್ ಓಡಿಸುತ್ತಿದ್ದ ಹೆಂಗಸನ್ನು ನೋಡಿ ನೋಡಿ ಊರಿಗೆ ಅಭ್ಯಾಸವಾಗಿಬಿಟ್ಟಿತ್ತು. ಈಗ ಅವರು ಗೋಡೌನಿನಲ್ಲಿ ಬೋರಲು ಹಾಕಿದ ಹಂಡೆಯ ಮೇಲೆ ಕೂತು ಇಡೀ ಬೀದಿಗೆ ಕೆಲಸ ಹೇಳುತ್ತಾರೆ. ಅವರ ಬಗ್ಗೆ ಬರೆಯುತ್ತೇನೆ ಎಂದಾಗ, ಹೆಸರು ಮಾತ್ರ ಹಾಕಬೇಡ, ಹಾಕಿದರೆ ನೆಂಟರೆಲ್ಲ ಬಂದು ಬಾಡಿಗೆಯಲ್ಲಿ ಸೋಡಿ ಕೇಳುತ್ತಾರೆ ಎಂದರು. ಹಾಗಾಗಿ ಹೆಸರಿಲ್ಲ.

ಅವರದು ಬಾಡಿಗೆ ವ್ಯಾಪಾರ. ಶಾಮಿಯಾನ, ಕುರ್ಚಿ, ಊಟದ ಟೇಬಲ್ಲು, ಅಡುಗೆಯ ಪಾತ್ರೆ ಪಡಗ. ಮದುವೆ ಹೇಗಾಯಿತು ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ವಾಪಸು ಬಂದ ಹಂಡೆಯೊಳಗೆ ಇಣುಕಿ ನೋಡಿ ಅವರೇ ಹೇಳುತ್ತಿದ್ದರು. ತಳ ಹಿಡಿದಿದ್ದರೆ ಅಡುಗೆಯವನಿಗೂ ಮನೆಯ ಯಜಮಾನನಿಗೂ ಮಾತು ನಡೆದಿದೆ ಎಂದರ್ಥ. ಪಾಯಸದ ಪಾತ್ರೆ ಕೆರೆದು ಕೆರೆದು ಖಾಲಿ ಮಾಡಿದ ಹಾಗಿದ್ದರೆ ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಹೆಚ್ಚು ಜನ ಬಂದಿದ್ದಾರೆ. ತೊಳೆದು, ಒರೆಸಿ, ಬಿಸಿಲಿಗೆ ಒಣಗಿಸಿ ಕಳಿಸಿದ ಮನೆಯನ್ನು ಮಾತ್ರ ಮನಸಾರೆ ಹೊಗಳುತ್ತಿದ್ದರು. ಆ ಮನೆಯಲ್ಲಿ ಮದುವೆ ವಯಸ್ಸಿನ ಹೆಣ್ಣಿದ್ದರೆ ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಗಂಡು ಹುಡುಕುವ ಕೆಲಸವನ್ನೂ ಮೈಮೇಲೆ ಹಾಕಿಕೊಳ್ಳುತ್ತಿದ್ದರು.

ವಯಸ್ಸಾಯಿತು, ಸ್ವಲ್ಪ ಕೂತು ಆರಾಮ ತಗೊಳ್ಳಿ ಎಂದು ಯಾರಾದರೂ ಅಂದರೆ ಅವರ ಉತ್ತರ ಒಂದೇ: "ನಾನು ಕೂತ್ರೆ ಮಾತು ಜಾಸ್ತಿ ಆಗತ್ತೆ ಕಣಪ್ಪ. ಬೀದಿಗೆ ಒಳ್ಳೇದಲ್ಲ." ಈಗ ಅವರು ಕೂತಿದ್ದಾರೆ, ಹೇಳಿದ್ದು ನಿಜವಾಗಿದೆ.

ನನ್ನದು ಅವರ ಗೋಡೌನಿನ ಪಕ್ಕದ ಜೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗಂಟಲು ಕಟ್ಟಿದ ಒಂದು ಜೆರಾಕ್ಸ್ ಯಂತ್ರ. ಒಂದು ಕಂಪ್ಯೂಟರ್ ಗೊತ್ತಿದ್ದವನಿಗೆ ಲೋಕದ ಎಲ್ಲ ಕಂಪ್ಯೂಟರೂ ಗೊತ್ತಿರುತ್ತದೆ ಎಂದು ಅಕ್ಕ ಬಲವಾಗಿ ನಂಬಿದ್ದರು. ಅವರ ಮನೆಯ ಮಿಕ್ಸಿ ಕೆಟ್ಟಾಗ, ಡಾಕ್ಟರು ಬರೆದ ಚೀಟಿ ಓದಲಾಗದಿದ್ದಾಗ, ಎಲ್ಲದಕ್ಕೂ ನಾನೇ. ಆದ್ದರಿಂದ ಗಾಡಿಗೆ ಕಂಪ್ಯೂಟರ್ ಹಾಕಿಸಬೇಕು ಎಂಬ ಯೋಚನೆ ಹೊಳೆದಾಗ ಅವರು ಗ್ಯಾರೇಜಿಗೆ ಹೋಗದೆ ಮೊದಲು ನನ್ನ ಅಂಗಡಿಗೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಆ ಯೋಚನೆ ಹುಟ್ಟಲು ಕಾರಣವಾದವರು ಅವರ ಮೈದುನ. ವ್ಯಾಪಾರದಲ್ಲಿ ಅರ್ಧ ಪಾಲು ಅವರದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ, ಮೆಲ್ಲನೆಯ ಮಾತು. ಅಣ್ಣ ಚಿಕ್ಕ ವಯಸ್ಸಿಗೇ ಹೋದ ಮೇಲೆ ಅತ್ತಿಗೆಯ ಕೈಯಲ್ಲಿ ಬೆಳೆದವರು. ಅತ್ತಿಗೆಯ ಎದುರು ಎರಡು ಮಾತಾಡುವುದು ಅವರ ಹುಟ್ಟಿನಲ್ಲೇ ಇರಲಿಲ್ಲ. ಹಾಗೆಂದು ಹೇಳಬೇಕಾದ್ದು ಇರಲಿಲ್ಲವೆಂದಲ್ಲ. ಕೆಲವು ವರ್ಷದ ಹಿಂದೆ, ಒಂದು ವೈಶಾಖದಲ್ಲಿ ಬೇಲೂರಿನ ಒಂದು ಮದುವೆಗೆ ಹೊರಟ ಗಾಡಿ ದಾರಿಯ ಏರಿನಲ್ಲೆಲ್ಲ ಉಬ್ಬಸ ಬಂದವರ ಹಾಗೆ ನಿಂತು ನಿಂತು ಹೋಗಿ, ಪಾತ್ರೆ ತಲುಪುವಷ್ಟರಲ್ಲಿ ಮುಹೂರ್ತವೇ ಮುಗಿದಿತ್ತು. ಅಕ್ಷತೆ ಹಾಕಿದ ಜನ ಎಲೆಯ ಮುಂದೆ ಕೂರಲು ಬಹಳ ಹೊತ್ತು ಕಾಯಬೇಕಾಯಿತು. ನಮ್ಮ ಕಡೆ ತಾಳಿ ಸ್ವಲ್ಪ ತಡವಾದರೆ ಜನ ಸಹಿಸಿಕೊಳ್ಳುತ್ತಾರೆ, ಊಟ ತಡವಾದರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ.

ಮೈದುನ ಮರುದಿನ ನನ್ನ ಅಂಗಡಿಗೆ ಬಂದು ಆಧಾರ್ ಕಾರ್ಡು ಕೊಟ್ಟು ಒಂದು ಪ್ರತಿ ತೆಗೆಯಲು ಹೇಳಿದರು. ಯಂತ್ರ ಬಿಸಿಯಾಗುವಷ್ಟರಲ್ಲಿ ವಿಷಯಕ್ಕೆ ಬಂದರು. ಗಾಡಿಗೆ ವಯಸ್ಸಾಯಿತು, ಮಾರಿಬಿಡೋಣ, ಹೊಸ ಗಾಡಿ ತಗೊಂಡು ಒಬ್ಬ ಡ್ರೈವರನ್ನು ಇಟ್ಟುಕೊಳ್ಳೋಣ, ನೀನು ಅತ್ತಿಗೆಗೆ ಹೇಗಾದರೂ ಹೇಳು ಎಂದರು. ನಾನು ಹೇಳಿದೆ. ಅಕ್ಕ ಗೋಡೌನಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ವಯಸ್ಸಾಗಿರೋದು ಗಾಡಿಗೆ ಅಂತಾನೆ, ನೋಡೋದು ನನ್ನ ಕಡೆ," ಎಂದರು. ನಗುತ್ತಲೇ ಅಂದರು. ಆದರೆ ಅವತ್ತು ಸಂಜೆ ಗಾಡಿ ತೊಳೆಯುವಾಗ ಎಂದಿಗಿಂತ ಹೆಚ್ಚು ಹೊತ್ತು ತೊಳೆದರು. ಹೊಸ ಗಾಡಿಗೆ ಡ್ರೈವರ್ ಬಂದರೆ ತಾನು ಸ್ಟೇರಿಂಗ್ ಬಿಟ್ಟು ಮನೆ ಸೇರಬೇಕಾಗುತ್ತದೆ ಎಂಬುದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ಅಲ್ಲಿಂದ ಮುಂದೆ ಅತ್ತಿಗೆ ಮೈದುನರ ವ್ಯವಹಾರವೆಲ್ಲ ನನ್ನ ಮೂಲಕವೇ ನಡೆಯಿತು. ಒಂದೇ ಮನೆಯಲ್ಲಿ ಉಂಡು, ಒಂದೇ ಗೋಡೌನಿನಲ್ಲಿ ಕೆಲಸ ಮಾಡಿ, ಗಾಡಿಯ ವಿಷಯಕ್ಕೆ ಮಾತ್ರ ಇಬ್ಬರೂ ನನ್ನ ಅಂಗಡಿಗೆ ಬರುತ್ತಿದ್ದರು. ಮೈದುನರ ಆಧಾರ್ ಪ್ರತಿಗಳು ಒಂದು ದೊಡ್ಡ ಸಂಸಾರಕ್ಕೆ ಸಾಲುವಷ್ಟು ಆದವು.

ಅಕ್ಕನಿಗೆ ಪರಿಹಾರ ಸಿಕ್ಕಿದ್ದು ಹಳೇಬೀಡಿನಲ್ಲಿ. ಯಾರದೋ ನಾಮಕರಣಕ್ಕೆ ಕುರ್ಚಿ ಇಳಿಸಿ ಕೆರೆ ಏರಿಯ ಹತ್ತಿರ ನಿಲ್ಲಿಸಿದ್ದಾಗ, ದೇವಸ್ಥಾನ ನೋಡಲು ಬಂದ ಒಬ್ಬ ಯುವಕನ ಹಳೆಯ ಜೀಪು ಹುಲಿಯಂತೆ ಗುರುಗುಟ್ಟುತ್ತಾ ಬಂದು ನಿಂತಿತಂತೆ. ಅಷ್ಟು ಹಳೆಯ ಗಾಡಿಗೆ ಇಷ್ಟು ದಮ್ಮು ಎಲ್ಲಿಂದ ಬಂತು ಎಂದು ಅಕ್ಕ ಕೇಳಿಯೇಬಿಟ್ಟರು. ಅವನು ಬಾನೆಟ್ ಎತ್ತಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಪೆಟ್ಟಿಗೆ ತೋರಿಸಿ, ಇದು ಇಂಜಿನ್ನಿಗೆ ಹಾಕುವ ಕಂಪ್ಯೂಟರು, ಹಳೆಯ ಗಾಡಿಗೂ ಜೀವ ಬರುತ್ತದೆ ಆಂಟಿ ಎಂದ. ಆಂಟಿ ಎಂದದ್ದು ಅಕ್ಕನಿಗೆ ಹಿಡಿಸಲಿಲ್ಲ, ಪೆಟ್ಟಿಗೆ ಹಿಡಿಸಿತು. ಅದರ ಫೋಟೋ ಹಿಡಿದುಕೊಂಡು ನೇರ ನನ್ನ ಅಂಗಡಿಗೆ ಬಂದರು.

ನಾನು ಒಂದು ಸಂಜೆ ಕೂತು ಅದರ ಬಗ್ಗೆ ಓದಿದೆ. ಇಂಜಿನ್ನಿಗೆ ಕಂಪನಿಯಿಂದಲೇ ಬಂದ ಒಂದು ಕಂಪ್ಯೂಟರ್ ಇರುತ್ತದೆ, ಡೀಸೆಲ್ಲಿನ ಒತ್ತಡ ಎಷ್ಟಿದೆ ಎಂದು ಸೆನ್ಸರನ್ನು ಕೇಳಿಕೊಂಡು ಅದಕ್ಕೆ ತಕ್ಕಂತೆ ಡೀಸೆಲ್ ಬಿಡುತ್ತದೆ. ಈ ಹೊಸ ಪೆಟ್ಟಿಗೆ ಇಬ್ಬರ ನಡುವೆ ಕೂತು, ಒತ್ತಡ ಕಮ್ಮಿಯಿದೆ, ಇನ್ನಷ್ಟು ಕೊಡು ಎಂದು ಸುಳ್ಳು ಹೇಳುತ್ತದೆ. ಹೆಚ್ಚು ಡೀಸೆಲ್, ಹೆಚ್ಚು ಎಳೆತ. ಇಷ್ಟನ್ನು ನಾನು ಕಷ್ಟಪಟ್ಟು ವಿವರಿಸಿದ ಮೇಲೆ ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದರು. "ಬಡಿಸೋನಿಗೆ ನನ್ನೆಲೆಗೆ ಹೋಳಿಗೆ ಬಿದ್ದೇ ಇಲ್ಲ ಅಂತ ಹೇಳಿ ಎರಡ್ನೇದು ಹಾಕಿಸ್ಕಂಡಂಗೆ ಅನ್ನು." ಆ ಪೆಟ್ಟಿಗೆಯನ್ನು ಅದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಇವತ್ತಿನವರೆಗೂ ಎಲ್ಲಿಯೂ ಓದಿಲ್ಲ. ಸುಳ್ಳು ಹೇಳುವ ಸಾಮಾನು ತರಿಸುವುದು ಸರಿಯೇ ಎಂದು ಕೇಳಿದೆ. ಮದುವೆ ಮಾಡಿಸುವವರು ಹೇಳುವುದಕ್ಕಿಂತ ಕಮ್ಮಿ ಸುಳ್ಳು ತಾನೆ, ತರಿಸು ಎಂದರು.

ಆಷಾಢದಲ್ಲಿ ಪೆಟ್ಟಿಗೆ ಬಂತು. ಆಷಾಢವೆಂದರೆ ಶಾಮಿಯಾನದವರಿಗೆ ರಜೆ, ಮದುವೆಗಳಿಲ್ಲ. ಬೀದಿಯ ತುದಿಯ ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದೆವು. ಅವರು ಮೊದಲು ಬೇಡವೇ ಬೇಡ, ಕ್ಲಚ್ಚು ಬದಲಾಯಿಸಿ, ಫಿಲ್ಟರ್ ನೋಡೋಣ ಎಂದು ತಲೆಯಾಡಿಸಿದರು. ಪೆಟ್ಟಿಗೆ ಕೈಗೆ ಬಂದ ಮೇಲೆ ಅವರಿಗೂ ಆಸೆ ಹುಟ್ಟಿತು. ಮೊಬೈಲಿನಲ್ಲಿ ವಿಡಿಯೋ ಹಾಕಿ ಬಾನೆಟ್ಟಿನ ಅಂಚಿಗೆ ಒರಗಿಸಿಟ್ಟು, ಅದರಲ್ಲಿ ಮಾತಾಡುವವನ ಭಾಷೆ ಯಾರಿಗೂ ತಿಳಿಯದೆ ಕೈ ನೋಡಿಕೊಂಡೇ ಕೆಲಸ ಶುರುಮಾಡಿದೆವು. ವಿಡಿಯೋದಲ್ಲಿದ್ದ ಇಂಜಿನ್ನು ಊಟದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ನಮ್ಮದರಲ್ಲಿ ಒತ್ತಡದ ಸೆನ್ಸರ್ ಹುಡುಕುವುದಕ್ಕೆ ಮೊದಲು ಯಾವುದೋ ಮದುವೆಯ ಬಾಳೆ ಎಲೆಯ ಚೂರು, ಒಂದು ಚಮಚ, ಒಣಗಿದ ಸೇವಂತಿಗೆ ಇಷ್ಟನ್ನು ತೆಗೆಯಬೇಕಾಯಿತು. ಚಮಚವನ್ನು ಅಕ್ಕ ಗುರುತು ಹಿಡಿದು, ಇದು ಹಾರನಹಳ್ಳಿಯವರು ಕಳೆದದ್ದು, ಅವರಿಗೆ ಸುಮ್ಮನೆ ಬೈದುಬಿಟ್ಟೆ ಎಂದು ಪೇಚಾಡಿಕೊಂಡರು.

ಸೆನ್ಸರಿನಿಂದ ಪ್ಲಗ್ ಬಿಡಿಸಿ, ನಡುವೆ ಪೆಟ್ಟಿಗೆಯ ವೈರು ಸೇರಿಸಿ, ಇನ್ನೊಂದು ತುದಿಯನ್ನು ಹಳೆಯ ಪ್ಲಗ್ಗಿಗೆ ಕೊಟ್ಟೆವು. ಪೆಟ್ಟಿಗೆಯನ್ನು ಬಿಸಿ ತಾಗದ ಜಾಗದಲ್ಲಿ ಬಿಗಿದು ಕಟ್ಟಿದೆವು. ಕೆಲಸ ಇಷ್ಟೇ. ಕೀ ತಿರುಗಿಸಲು ಮೇಸ್ತ್ರಿ ಕೈ ಹಾಕಿದರೆ ಅಕ್ಕ ತಡೆದರು. ಪೂಜೆಯಾಗಿಲ್ಲ.

ಅವರ ಮನೆಗೆ ಹೊಸ ಸೌಟು ಬಂದರೂ ವಿಭೂತಿ ಹಚ್ಚದೆ ಸಾರಿಗೆ ಇಳಿಸುವುದಿಲ್ಲ. ಪೆಟ್ಟಿಗೆಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದರು, ಹೂ ಇಟ್ಟರು, ಕರ್ಪೂರ ಬೆಳಗಿದರು. ಕಾಯಿ ಒಡೆದರು. ಸಾಮಾನ್ಯವಾಗಿ ಆ ನೀರು ಚಕ್ರಕ್ಕೆ ಹೋಗುತ್ತದೆ. ಅವತ್ತು ಹೊಸದಾಗಿ ಬಂದವನು ಚಕ್ರವಲ್ಲ, ಪೆಟ್ಟಿಗೆ. ಅಕ್ಕ ಎರಡೂ ಹೋಳನ್ನು ಬಾನೆಟ್ಟಿನೊಳಗೆ ಬಗ್ಗಿಸಿ, ಅದರ ನೆತ್ತಿಯ ಮೇಲೆ ಭಕ್ತಿಯಿಂದ ಸುರಿದರು. ಗಾಡಿ ತೊಳೆಯುವಾಗ ವೈರಿಗೆಲ್ಲ ಪ್ಲಾಸ್ಟಿಕ್ ಸುತ್ತುವ ಮೇಸ್ತ್ರಿ ಕೂಡ ಸುಮ್ಮನೆ ಕೈಮುಗಿದು ನಿಂತಿದ್ದರು. ನಾನೂ ಅಷ್ಟೇ. ಈ ತೆಂಗಿನ ಸೀಮೆಯಲ್ಲಿ ಹುಟ್ಟಿದ ಯಾರೂ ಕಾಯಿ ನೀರನ್ನು ನೀರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ತೀರ್ಥ. ತೀರ್ಥದಿಂದ ವೈರು ಕೆಡುತ್ತದೆ ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮತ್ತು ಅವತ್ತು ಏನೂ ಕೆಡಲೂ ಇಲ್ಲ. ಖಾಲಿ ಗಾಡಿಯಲ್ಲಿ ಹಾರನಹಳ್ಳಿಯವರೆಗೆ ಹೋಗಿಬಂದೆವು. ಆಕ್ಸಿಲರೇಟರಿಗೆ ಕಾಲಿಟ್ಟ ಕೂಡಲೇ ಗಾಡಿ ಮುಂದಕ್ಕೆ ಜಿಗಿಯಿತು, ನನ್ನ ತಲೆ ಹಿಂದಿನ ತಗಡಿಗೆ ಬಡಿಯಿತು. ಹಿಂದೆ ಒಂದು ಮೂಟೆಯಷ್ಟು ಕಪ್ಪು ಹೊಗೆ. ಅಕ್ಕ ಒಂದು ತೆಂಗಿನಕಾಯಿ ಟೆಂಪೋ ಹಿಂದಿಕ್ಕಿದರು, ಬಸ್ಸನ್ನೂ ಹಿಂದಿಕ್ಕಿದರು, ಆಮೇಲೆ ಬಸ್ಸಿನವರು ನೋಡಲಿಲ್ಲವೇನೋ ಎಂಬ ಅನುಮಾನ ಬಂದು ನಿಂತು, ಅವರನ್ನು ಮುಂದೆ ಬಿಟ್ಟು, ಇನ್ನೊಮ್ಮೆ ಹಿಂದಿಕ್ಕಿದರು. ಅರವತ್ತರ ಆಸುಪಾಸಿನ ಹೆಂಗಸು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನನಗೂ ಬಹಳ ಸಂತೋಷವಾಯಿತು.

ತೊಂದರೆ ಬಂದದ್ದು ಒಂದು ಸಾವಿನ ಮನೆಯಲ್ಲಿ. ಸಾವಾದರೆ ಅಕ್ಕ ಕರೆಯುವುದಕ್ಕೂ ಕಾಯುತ್ತಿರಲಿಲ್ಲ. ಕುರ್ಚಿ, ಶಾಮಿಯಾನ ಹಾಕಿಕೊಂಡು ಹೊರಡುತ್ತಿದ್ದರು, ಬಾಡಿಗೆಯ ಮಾತೆತ್ತುತ್ತಿರಲಿಲ್ಲ, ಸಾವಿನ ಮನೆಯ ವಾಡಿಕೆಯಂತೆ ಬತ್ತೀನಿ ಎಂದೂ ಹೇಳದೆ ಸದ್ದಿಲ್ಲದೆ ಹೊರಟುಬಿಡುತ್ತಿದ್ದರು. ಹಾಗೆ ಸದ್ದಿಲ್ಲದೆ ಹೊರಡಬೇಕಾದ ಗಾಡಿ ಅವತ್ತು ಗುಡುಗಿದಂತೆ ಗುಡುಗಿ, ಹೆಣದ ಮುಂದೆ ಕೂತು ಅಳುತ್ತಿದ್ದವರ ಮೇಲೆಲ್ಲ ಕರಿ ಹೊಗೆ ಬಿಟ್ಟು ಬಂತು. ಅಳು ಕ್ಷಣ ನಿಂತೇಹೋಯಿತಂತೆ. ಅಕ್ಕ ಮುಖ ಸಣ್ಣದು ಮಾಡಿಕೊಂಡು ನನ್ನ ಅಂಗಡಿಗೆ ಬಂದರು.

ಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಣ್ಣ ತಿರುಗಣೆ ಇತ್ತು, ಒಂದರಿಂದ ಐದರವರೆಗೆ ಅಂಕಿ. ಮೇಸ್ತ್ರಿ ಉತ್ಸಾಹದಲ್ಲಿ ಐದಕ್ಕೇ ಇಟ್ಟಿದ್ದರು. ನಾನು ಕನ್ನಡಕದ ಸ್ಕ್ರೂಡ್ರೈವರಿನಿಂದ ಒಂದಕ್ಕೆ ಇಳಿಸಿದೆ. ಅಲ್ಲಿಂದ ಅಕ್ಕನದೇ ಒಂದು ಪದ್ಧತಿ ಶುರುವಾಯಿತು. ಲೋಡು ಹೊರಡುವ ಮುಂಚೆ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಇವತ್ತು ಯಾವ ಮನೆ ಎಂದು ಹೇಳುತ್ತಿದ್ದರು. ಸಾವಿನ ಮನೆಗೆ ಒಂದು. ತಿಥಿಗೂ ಒಂದೇ, ಆದರೆ ತುಂಬು ವಯಸ್ಸಿನವರ ತಿಥಿಯಾದರೆ ಎರಡು. ನಾಮಕರಣಕ್ಕೆ ಮೂರು, ಶ್ರಾವಣ ಬಂದರೆ ಮದುವೆ ಮನೆಗೆ ನಾಲ್ಕು ಎಂದು ಆಗಲೇ ಗೊತ್ತುಮಾಡಿದ್ದರು. ಐದು ಯಾವುದಕ್ಕೆ ಎಂದು ಕೇಳಿದೆ. ಮೈದುನ ಪಕ್ಕದಲ್ಲಿ ಕೂತಾಗ ಎಂದರು.

ಆ ದಿನ ಬೇಗನೇ ಬಂತು. ಮೈದುನ ಮತ್ತೆ ಆಧಾರ್ ಕಾರ್ಡು ತಂದರು. ಖಾಲಿ ಗಾಡಿಯಲ್ಲಿ ಬಸ್ಸನ್ನು ಹಿಂದಿಕ್ಕುವುದು ದೊಡ್ಡದಲ್ಲ ಎಂದರು. ಶ್ರಾವಣದ ಮೊದಲ ಮದುವೆ ಹಳೇಬೀಡಿನಲ್ಲಿದೆ, ತುಂಬಿದ ಲೋಡಿನಲ್ಲಿ ಆ ದಾರಿಯ ಏರನ್ನು ಗಾಡಿ ಹತ್ತಿದರೆ ಮಾರುವ ಮಾತು ಇನ್ನು ಆಡುವುದಿಲ್ಲ, ಹತ್ತದಿದ್ದರೆ ಬರುವ ವಾರ ಕೊಳ್ಳುವವರು ಬಂದು ತಗೊಂಡು ಹೋಗುತ್ತಾರೆ. ಹೇಳುವಾಗ ಅವರಿಗೂ ಸಂಕಟವಿತ್ತು. ಅತ್ತಿಗೆ ಆ ಗಾಡಿಯಲ್ಲಿ ಹೊರಟ ದಿನವೆಲ್ಲ ವಾಪಸು ಬರುವ ತನಕ ತನ್ನ ಹೊಟ್ಟೆಗೆ ಅನ್ನ ಇಳಿಯುವುದಿಲ್ಲ ಎಂದೂ ಸೇರಿಸಿದರು. ಅದನ್ನು ಮಾತ್ರ ಅತ್ತಿಗೆಗೆ ಹೇಳಬೇಡ ಎಂದರು. ನಾನು ಅದನ್ನೂ ಹೇಳಿದೆ. ಅಕ್ಕ ಕೇಳಿಸಿಕೊಂಡು, ಆಗಲಿ, ಅವನೂ ಬರಲಿ ಎಂದರು.

ಹೊರಟದ್ದು ಮೂವರು. ಅಕ್ಕ ಸ್ಟೇರಿಂಗಿನಲ್ಲಿ, ಮೈದುನ ಎಡಗಡೆಯ ಬಾಗಿಲಿಗೆ, ನಾನು ನಡುವೆ ಗೇರಿನ ಕಡ್ಡಿಗೆ ಅತ್ತ ಇತ್ತ ಕಾಲು ಹಾಕಿಕೊಂಡು. ಹಿಂದೆ ಹಂಡೆ, ಕೊಪ್ಪರಿಗೆ, ಟೇಬಲ್ಲು, ಮೇಲೆ ಕುರ್ಚಿಗಳ ಗೋಪುರ. ಪೆಟ್ಟಿಗೆ ಐದರಲ್ಲಿತ್ತು. ಊರು ದಾಟುವವರೆಗೆ ಗಾಡಿ ಚೆನ್ನಾಗಿಯೇ ಎಳೆಯಿತು, ಅಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಇನ್ನೂ ಒಂದಷ್ಟು ದೂರ ಹೋಗಿರಬೇಕು, ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತಿಕೊಂಡಿತು. ಗಾಡಿಯ ದಮ್ಮು ಹಾಗೇ ಉಡುಗಿಹೋಯಿತು. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ.

ಹುಣಸೆಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದೆವು. ಪೆಟ್ಟಿಗೆಯ ಬಾಯಲ್ಲಿ ಇರುವೆ. ಸಾಲುಗಟ್ಟಿ ಒಳಗೆ ಹೋಗುತ್ತಿವೆ, ಹೊರಗೆ ಬರುತ್ತಿವೆ. ಪ್ಲಗ್ ಬಿಡಿಸಿದರೆ ಒಳಗಿನ ಪಿನ್ನುಗಳೆಲ್ಲ ಹಸಿರು ಕಿಲುಬು ಹಿಡಿದು, ಒಣಗಿದ ಕಾಯಿ ನೀರಿನ ಬಿಳಿಯ ಅಂಟು ಕಟ್ಟಿಕೊಂಡಿತ್ತು. ಪೂಜೆಯ ಫಲ ಕಣ್ಣೆದುರಿಗೇ ಇತ್ತು. ಅಕ್ಕನಿಗೆ ನಾನು ಏನೂ ಹೇಳಬೇಕಾಗಲಿಲ್ಲ. "ನಾನೇ ಅಲ್ವೇನಪ್ಪ ಕುಡಿಸಿದ್ದು," ಎಂದರು, ಬಹಳ ಮೆಲ್ಲಗೆ. ಪೆಟ್ಟಿಗೆ ಬಿಚ್ಚಿ, ಸೆನ್ಸರಿಗೆ ಅದರ ಹಳೆಯ ಪ್ಲಗ್ಗನ್ನೇ ಒರೆಸಿ ಹಾಕಿದೆ. ಒಂದೆರಡು ಸಲ ಕೀ ತಿರುಗಿಸಿದ ಮೇಲೆ ದೀಪ ಆರಿತು, ಗಾಡಿ ಹೊರಟಿತು. ಆದರೆ ಅದು ವೈಶಾಖದ ಉಬ್ಬಸದ ಗಾಡಿಯೇ.

ವಾಪಸು ಹೋಗೋಣ ಎಂದು ಮೈದುನ ಹೇಳಬಹುದಿತ್ತು. ಹೇಳಲಿಲ್ಲ. ಕಿಟಕಿಯಿಂದಾಚೆ ಜೋಳದ ಹೊಲ ನೋಡುತ್ತಾ ಕೂತರು. ಅಕ್ಕ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ನಾನು ಹವಾಮಾನದ ಬಗ್ಗೆ ಏನೋ ಅಂದೆ, ಇಬ್ಬರೂ ಹೂಂಗುಟ್ಟಲಿಲ್ಲ.

ಏರು ಬಂತು. ಮೂರನೇ ಗೇರು, ಎರಡು, ಒಂದು. ಅರ್ಧ ಹತ್ತಿತು. ಅಲ್ಲಿ ಇಂಜಿನ್ ನಡುಗಿ ನಡುಗಿ ಆರಿಹೋಯಿತು. ಅಕ್ಕ ಎರಡೂ ಕಾಲು ಊರಿ ಬ್ರೇಕ್ ಒತ್ತಿ ಹಿಡಿದರು. ಹ್ಯಾಂಡ್‌ಬ್ರೇಕು ಎಂದೋ ಸಡಿಲವಾಗಿತ್ತು. ಇಷ್ಟು ವರ್ಷದಲ್ಲಿ ಅವರ ಮುಖದಲ್ಲಿ ಹೆದರಿಕೆ ನೋಡಿದ್ದು ನಾನು ಅದೊಂದೇ ಸಲ. ಗಾಡಿ ಅಲ್ಲಿ ನಿಂತರೆ ತನ್ನ ಕೆಲಸವೂ ಅಲ್ಲಿಗೇ ನಿಂತಿತು ಎಂದು ಅವರಿಗೆ ಗೊತ್ತಿತ್ತು. ಅವನಿಗೆ ಹೇಳಪ್ಪ, ಇಳಿದು ಕಲ್ಲು... ಎಂದು ನನಗೆ ಹೇಳಲು ಶುರುಮಾಡಿದರು. ಪಕ್ಕಕ್ಕೆ ತಿರುಗಿದರೆ ಮೈದುನ ಇರಲಿಲ್ಲ. ಆಗಲೇ ಇಳಿದಿದ್ದರು.

ಕನ್ನಡಿಯಲ್ಲಿ ನೋಡಿದೆ. ಪಂಚೆ ಎತ್ತಿಕಟ್ಟಿ, ರಸ್ತೆ ಬದಿಯ ಒಂದು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಂದು ಹಿಂದಿನ ಚಕ್ರಕ್ಕೆ ಕೊಟ್ಟರು. ಗಾಡಿಯ ಬದಿಗೆ ಎರಡು ಸಲ ತಟ್ಟಿದರು. ಅಕ್ಕ ಸ್ಟಾರ್ಟ್ ಮಾಡಿ, ಕ್ಲಚ್ ಬಿಟ್ಟು, ಒಂದಷ್ಟು ಮುಂದೆ ತಂದರು. ಇಂಜಿನ್ ಸೋಲುವ ಹೊತ್ತಿಗೆ ಸರಿಯಾಗಿ ಕಲ್ಲು ಮತ್ತೆ ಚಕ್ರದ ಹಿಂದೆ ಇತ್ತು. ತಟ್ಟುವುದು, ಮುಂದೆ ಹೋಗುವುದು, ಕಲ್ಲು. ಇಬ್ಬರಿಗೂ ಒಂದು ಮಾತು ಬೇಕಾಗಲಿಲ್ಲ. ಇಳಿದು ಸಹಾಯ ಮಾಡಲು ಹೋದ ನನ್ನನ್ನು ಮೈದುನ ಕೈಸನ್ನೆ ಮಾಡಿ ಪಕ್ಕಕ್ಕೆ ನಿಲ್ಲಿಸಿದರು. ಹಾಗೆ ಕಂತು ಕಂತಾಗಿ, ಹಿಂದೆ ನಿಂತ ಬಸ್ಸಿನವರ ಹಾರ್ನು ಕೇಳಿಸಿಕೊಳ್ಳುತ್ತಾ, ಗಾಡಿ ಏರಿನ ತುದಿ ಮುಟ್ಟಿತು.

ನಾನು ಮತ್ತೆ ನಡುವೆ ಹತ್ತಿ ಕೂತ ಮೇಲೆ ಮೈದುನ ಏದುಸಿರು ಬಿಡುತ್ತಾ ಬಂದು ಹತ್ತಿದರು. ಬಿಳಿ ಅಂಗಿಯ ಮುಂಭಾಗವೆಲ್ಲ ಕೆಂಪು ಮಣ್ಣು, ಅಂಗೈ ತರಚಿತ್ತು. ನನ್ನನ್ನು ದಾಟಿ ನೇರ ಅತ್ತಿಗೆಯ ಮುಖ ನೋಡಿದರು.

"ಅಣ್ಣ ಹೋದ್ಮೇಲೆ ನೀವು ಮೊದಲ್ನೇ ಲೋಡು ತಂದಾಗ್ಲೂ ಇದೇ ಏರಲ್ಲಿ ಕಲ್ಲು ಕೊಟ್ಟಿದ್ದೆ ಅತ್ತಿಗೆ."

"ಗೊತ್ತೈತೆ," ಎಂದರು ಅಕ್ಕ. "ಅವತ್ತು ಅಳ್ತಾ ಕೊಟ್ಟೆ ನೀನು."

ಮೈದುನ ಅಂಗೈಯ ಮಣ್ಣು ಪಂಚೆಗೆ ಒರೆಸಿಕೊಂಡರು. ಹಿಂದಿನ ಬಸ್ಸು ನಮ್ಮನ್ನು ದಾಟಿ ಹೋಯಿತು.

"ಮಾರೋ ಮಾತು ಬಿಡಿ," ಎಂದರು. "ನೀವು ಸಾಕು ಅನ್ನೋ ದಿನ ನೋಡಣ. ಅಲ್ಲೀಗಂಟ ಕಲ್ಲು ನಾನು ಕೊಡ್ತೀನಿ."

ಅಕ್ಕನ ಕಣ್ಣು ತುಂಬಿ ಬಂದಿತ್ತು. ಗಂಡನ ಅಂಗಿಯ ತೋಳಿನಿಂದ ಒರೆಸಿಕೊಂಡು ಗೇರ್ ಹಾಕಿದರು.

"ಬಾಗ್ಲು ಸರಿಯಾಗಿ ಎಳ್ಕೊ," ಎಂದರು. "ಇಳಿಜಾರಲ್ಲಿ ಬಿದ್ದುಗಿದ್ದೀಯ."